ಲೀಟರಿಗೆ ಎಂಟು ರೂಪಾಯಿ ಹೆಚ್ಚು ಕೊಟ್ಟರೆ ಕಾರಿಗೆ ಸಿಗುವುದೇನು?

ಪ್ರಶ್ನೆ: ನಮ್ಮದು 2018ರ ಮಾಡೆಲ್‌ನ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಓಡಿರುವುದು ಸುಮಾರು 64,000 ಕಿ.ಮೀ. ಮನೆ ಪುತ್ತೂರಿನಲ್ಲಿ. ಊರೊಳಗಿನ ಓಡಾಟದ ಜೊತೆಗೆ ತಿಂಗಳಿಗೊಮ್ಮೆ ಶಿರಾಡಿ ಘಾಟಿಯ ಮೂಲಕ ಬೆಂಗಳೂರಿಗೆ ಹೋಗಿಬರುತ್ತೇವೆ. ಕಳೆದ ಬೇಸಿಗೆಯಿಂದ, ನಾಲ್ಕು ಜನ ಕುಳಿತು ಎ.ಸಿ. ಹಾಕಿಕೊಂಡು ಘಾಟಿ ಹತ್ತುವಾಗ ಇಂಜಿನ್ ಕಡೆಯಿಂದ ಟಕಟಕ ಸದ್ದು ಬರುತ್ತಿದೆ. ಪವರ್ ಪೆಟ್ರೋಲ್ ಹಾಕಿಸಿ ನೋಡಿ ಎಂದು ನಮ್ಮ ಮೆಕ್ಯಾನಿಕ್ ಹೇಳಿದರು. ಎರಡು ಸಲ ಟ್ಯಾಂಕ್ ತುಂಬಿಸಿ ಬೆಂಗಳೂರಿಗೆ ಹೋಗಿಬಂದೆ. ಸದ್ದು ಕಡಿಮೆಯಾದಂತೆ ಅನಿಸಿತು, ಮೈಲೇಜು ಕೂಡ 15ರಿಂದ 16.5ಕ್ಕೆ ಏರಿತು. ಆದರೆ ಲೀಟರಿಗೆ ಎಂಟು ರೂಪಾಯಿ ಹೆಚ್ಚು. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಹಳೆಯ ಕಾರುಗಳನ್ನು ಹಾಳು ಮಾಡುತ್ತಿದೆ, ನೂರು ಆಕ್ಟೇನ್‌ನದ್ದನ್ನೇ ಹಾಕಿಸು ಎಂದು ನನ್ನ ಭಾವ ಹೇಳುತ್ತಾರೆ. ಸಾಮಾನ್ಯ ಕಾರಿಗೆ ಹೆಚ್ಚು ಆಕ್ಟೇನ್ ಹಾಕಿದರೆ ವಾಲ್ವ್ ಸುಟ್ಟುಹೋಗುತ್ತದೆ ಎಂದು ಸ್ನೇಹಿತರೊಬ್ಬರು ಹೆದರಿಸುತ್ತಾರೆ. ಈ ನಡುವೆ ಮಗಳು ಟರ್ಬೊ ಪೆಟ್ರೋಲ್ ಕಾರು ಕೊಳ್ಳುವವಳಿದ್ದಾಳೆ. ನಾವು ಯಾವುದಕ್ಕೆ ಯಾವ ಪೆಟ್ರೋಲ್ ಹಾಕಬೇಕು?

ಉತ್ತರ: ನೀವು ಕೇಳಿರುವುದು ಪೆಟ್ರೋಲಿನ ಬಗ್ಗೆ, ಆದರೆ ನಿಮ್ಮ ನಿಜವಾದ ಚಿಂತೆ ಆ ಟಕಟಕ ಸದ್ದು ಇಂಜಿನ್ ಹಾಳಾಗುತ್ತಿರುವುದರ ಲಕ್ಷಣವೇ ಎಂಬುದು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ. ನಿಮ್ಮಂತಹ ಕಾರಿಗೆ ಪ್ರೀಮಿಯಂ ಪೆಟ್ರೋಲಿನ ಹೆಚ್ಚುವರಿ ಬೆಲೆ ಕೊಡಬೇಕಾದ ಅಗತ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪೆಟ್ರೋಲ್ ಬದಲಿಸಿದಾಗ ಸದ್ದು ಕಡಿಮೆಯಾಯಿತು ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಒಂದು ಸಂಗತಿಯೇ ನಿಮ್ಮ ಇಂಜಿನ್ನಿನ ಬಗ್ಗೆ ಸಾಕಷ್ಟು ಹೇಳುತ್ತದೆ.

ಆಕ್ಟೇನ್ ಎಂಬುದು ಪೆಟ್ರೋಲಿನಲ್ಲಿರುವ ಶಕ್ತಿಯ ಅಳತೆಯೆಂದು ಬಹುಪಾಲು ಜನ ತಿಳಿದಿದ್ದಾರೆ; 'ಪವರ್', 'ಸ್ಪೀಡ್' ಮುಂತಾದ ಹೆಸರುಗಳೂ ಆ ತಿಳಿವಳಿಕೆಗೆ ನೀರೆರೆಯುತ್ತವೆ. ವಾಸ್ತವವಾಗಿ ಅದು ಒತ್ತಡ ಮತ್ತು ಬಿಸಿಗೆ ಸಿಲುಕಿದಾಗಲೂ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆ. ಪೆಟ್ರೋಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಅದುಮುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ, ಜ್ವಾಲೆ ಪ್ಲಗ್ಗಿನ ಬಳಿಯಿಂದ ಹೊರಟು ಅಂಚಿನ ಕಡೆಗೆ ಹರಡುತ್ತದೆ. ಜ್ವಾಲೆ ತಲುಪುವ ಮೊದಲೇ ಅಂಚಿನಲ್ಲಿ ಉಳಿದ ಮಿಶ್ರಣ ಬಿಸಿ ಮತ್ತು ಒತ್ತಡ ತಾಳಲಾರದೆ ಒಮ್ಮೆಗೇ ಸಿಡಿದರೆ, ಒಳಗೆ ಒತ್ತಡದ ಅಲೆಗಳೆದ್ದು ಸಿಲಿಂಡರಿನ ಗೋಡೆಗೆ ಬಡಿಯುತ್ತವೆ. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲುಗಳನ್ನು ಹಾಕಿ ಅಲ್ಲಾಡಿಸಿದಂತಹ ಆ ಸದ್ದನ್ನೇ ನಾವು ನಾಕಿಂಗ್ ಎನ್ನುವುದು. ಆಕ್ಟೇನ್ ಸಂಖ್ಯೆ ಹೆಚ್ಚಿದ್ದಷ್ಟೂ ಈ ಅಕಾಲ ಸ್ಫೋಟ ಕಡಿಮೆ. 1920ರ ದಶಕದಲ್ಲಿ ರೂಪುಗೊಂಡ ಈ ಅಳತೆಪಟ್ಟಿಯಲ್ಲಿ ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ಸುಲಭವಾಗಿ ಸಿಡಿಯುವ ಹೆಪ್ಟೇನ್‌ಗೆ ಸೊನ್ನೆ ಅಂಕ ಕೊಟ್ಟು, ಉಳಿದ ಇಂಧನಗಳನ್ನು ಇವೆರಡರ ಮಿಶ್ರಣಗಳೊಂದಿಗೆ ಹೋಲಿಸುತ್ತಾರೆ. ಒಂದು ಲೀಟರ್ 91ರ ಪೆಟ್ರೋಲಿನಲ್ಲೂ ಒಂದು ಲೀಟರ್ 97ರ ಪೆಟ್ರೋಲಿನಲ್ಲೂ ಇರುವ ಶಾಖಶಕ್ತಿ ಹೆಚ್ಚುಕಡಿಮೆ ಒಂದೇ.

ಹಾಗಾದರೆ ದುಬಾರಿ ಪೆಟ್ರೋಲ್ ಹಾಕಿದರೆ ಗಾಡಿ ಚುರುಕಾಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಅದು ಬರಿಯ ಜಾಹೀರಾತಿನ ಸೃಷ್ಟಿಯಲ್ಲ, ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. ನಮ್ಮಲ್ಲಿ 87 ಮತ್ತು 93 ಆಕ್ಟೇನ್‌ನ ಪೆಟ್ರೋಲ್ ಮಾರುತ್ತಿದ್ದ ದಿನಗಳಲ್ಲಿ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ನಾಕಿಂಗ್ ಗುರುತಿಸುವ ಸೆನ್ಸರ್ ಇರಲಿಲ್ಲ, ಕಿಡಿಯ ಟೈಮಿಂಗ್ ನಿಯಂತ್ರಿಸುವ ಕಂಪ್ಯೂಟರ್ ಇರಲಿಲ್ಲ. ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ಕೈಯಿಂದ ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು ಕೇಳಿ ಟೈಮಿಂಗ್ ಕೂರಿಸುತ್ತಿದ್ದರು. ಒಳ್ಳೆಯ ಪೆಟ್ರೋಲ್ ಸಿಕ್ಕರೆ ಟೈಮಿಂಗ್ ಸ್ವಲ್ಪ ಮುಂದಿಡಬಹುದಿತ್ತು, ಅಂದರೆ ಕಿಡಿಯನ್ನು ತುಸು ಬೇಗ ಹಚ್ಚಬಹುದಿತ್ತು, ಗಾಡಿ ನಿಜವಾಗಿಯೂ ಹಗುರವಾಗಿ ಓಡುತ್ತಿತ್ತು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು. ಆದರೆ ಆ ಕಾಲದ ಗುರುಗಳ ಕೈಕೆಳಗೆ ಕೆಲಸ ಕಲಿತ ಮೆಕ್ಯಾನಿಕ್‌ಗಳು ಇಂದಿಗೂ ಟಕಟಕ ಕೇಳಿದೊಡನೆ ಮೊದಲು ಪೆಟ್ರೋಲ್ ಬದಲಿಸಲು ಹೇಳುತ್ತಾರೆ. ಅವರನ್ನು ದೂರಲಾರೆ.

ಈಗಿನ ಕಾರಿನ ಕಥೆ ಬೇರೆ. ನಿಮ್ಮ ಕಾರಿನ ತಯಾರಕರು 91 ಆಕ್ಟೇನ್ ಸಾಕು ಎಂದು ತೀರ್ಮಾನಿಸಿಯೇ ಇಂಜಿನ್ನಿನ ಕಂಪ್ರೆಷನ್ ಅನುಪಾತವನ್ನೂ (ಮಿಶ್ರಣವನ್ನು ಎಷ್ಟು ಪಟ್ಟು ಅದುಮಬೇಕೆಂಬುದನ್ನೂ) ಕಿಡಿಯ ಟೈಮಿಂಗ್ ನಕ್ಷೆಯನ್ನೂ ಹೊಂದಿಸಿರುತ್ತಾರೆ. ಖಚಿತಪಡಿಸಿಕೊಳ್ಳಲು ಟ್ಯಾಂಕಿನ ಮುಚ್ಚಳದ ಒಳಬದಿಯ ಚೀಟಿಯನ್ನೋ ಓನರ್ಸ್ ಮ್ಯಾನ್ಯುಯಲ್ಲನ್ನೋ ನೋಡಿ. ನಾಕಿಂಗ್ ಸೆನ್ಸರ್ ಸದ್ದನ್ನು ಗುರುತಿಸಿದ ಕೂಡಲೇ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಕಿಡಿಯನ್ನು ತುಸು ತಡವಾಗಿಸುತ್ತದೆ. ಅಪಾಯ ತಪ್ಪಿದ ಮೇಲೆ ಮತ್ತೆ ಮುಂದಕ್ಕೆ ತರುತ್ತದೆ. ಆದರೆ ಆ ನಕ್ಷೆಗೂ ಒಂದು ಮಿತಿಯಿದೆ. 91ಕ್ಕೆಂದು ಬರೆದ ನಕ್ಷೆಯಲ್ಲಿ ಕಿಡಿ ಆಗಲೇ ತನ್ನ ತಕ್ಕ ಜಾಗದಲ್ಲಿದ್ದರೆ, ನೀವು 97 ಸುರಿದರೂ 100 ಸುರಿದರೂ ಅದನ್ನು ಇನ್ನಷ್ಟು ಮುಂದೊಯ್ಯುವ ಅವಕಾಶವೇ ಇಸಿಯುಗೆ ಇರುವುದಿಲ್ಲ. ಹೆಚ್ಚುವರಿ ಆಕ್ಟೇನ್ ಯಾವ ಉಪಯೋಗಕ್ಕೂ ಬಾರದೆ ಸೈಲೆನ್ಸರಿನ ಮೂಲಕ ಹೊರಹೋಗುತ್ತದೆ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ 2016ರಲ್ಲಿ ಸಾಮಾನ್ಯ ಪೆಟ್ರೋಲಿಗೆಂದೇ ರೂಪಿಸಿದ ಕಾರುಗಳಿಗೆ ಪ್ರೀಮಿಯಂ ಹಾಕಿ ಪರೀಕ್ಷಿಸಿದಾಗ ಮೈಲೇಜಿನಲ್ಲಾಗಲಿ, ಶಕ್ತಿಯಲ್ಲಾಗಲಿ, ಹೊಗೆಯಲ್ಲಾಗಲಿ ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಹೀಗೆ ಅಗತ್ಯವಿಲ್ಲದ ಕಡೆ ಪ್ರೀಮಿಯಂ ಸುರಿದು ಅಲ್ಲಿನ ಜನ ವರ್ಷಕ್ಕೆ 210 ಕೋಟಿ ಡಾಲರ್ ವ್ಯರ್ಥ ಮಾಡುತ್ತಿದ್ದಾರೆಂದು ಅದು ಅಂದಾಜಿಸಿತು. ಒಂದು ಎಚ್ಚರಿಕೆ: ಅಲ್ಲಿನ ಬಂಕಿನ ಮೇಲೆ 87 ಎಂದು ಬರೆದಿರುವುದು ನಮ್ಮ ಲೆಕ್ಕದಲ್ಲಿ ಸುಮಾರು 91ಕ್ಕೆ ಸಮ, ಅಲ್ಲಿ ಆಕ್ಟೇನ್ ಎಣಿಸುವ ವಿಧಾನವೇ ಬೇರೆ. ಅಲ್ಲಿನ ಅಂಕಿಗಳನ್ನು ನೇರವಾಗಿ ಇಲ್ಲಿಗೆ ತಂದು ಹೋಲಿಸಬಾರದು.

ನಮ್ಮ ದೇಶದಲ್ಲಿ ಈ ಚರ್ಚೆಗೆ ಈಚೆಗೆ ಒದಗಿರುವ ತಿರುವೊಂದನ್ನು ಹೆಚ್ಚಿನವರು ಗಮನಿಸಿಲ್ಲ. ಎಥೆನಾಲ್‌ನ ಆಕ್ಟೇನ್ ಸಂಖ್ಯೆ ಸುಮಾರು 108. ಶೇ 20ರಷ್ಟು ಎಥೆನಾಲ್ ಬೆರೆತ ಮೇಲೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಅಂದರೆ ಬಂಕಿನಲ್ಲಿ ನೀವು 'ನಾರ್ಮಲ್' ಎಂದು ಕೇಳಿ ಹಾಕಿಸುವ ಇ20 ಪೆಟ್ರೋಲಿಗೂ, ಎಕ್ಸ್‌ಪಿ 95 ಅಥವಾ ಪವರ್ 95 ಎಂದು ಎಂಟು ರೂಪಾಯಿ ಹೆಚ್ಚು ಕೊಟ್ಟು ಹಾಕಿಸುವುದಕ್ಕೂ ನಡುವೆ ಮೊದಲಿದ್ದ ಆಕ್ಟೇನ್ ಅಂತರ ಬಹುಮಟ್ಟಿಗೆ ಅಳಿಸಿಹೋಗಿದೆ. ಎಥೆನಾಲ್ ತಪ್ಪಿಸಿಕೊಳ್ಳಲು 95ರ ಪ್ರೀಮಿಯಂ ಹಾಕಿಸುವವರೂ ಇದ್ದಾರೆ, ಆದರೆ ಅದರಲ್ಲಿಯೂ ಎಥೆನಾಲ್ ಇದ್ದೇ ಇದೆ. ಹಾಗಾಗಿ ಈಗ ಆ ಎಂಟು ರೂಪಾಯಿಗೆ ನಿಮಗೆ ಸಿಗುವುದು ಮುಖ್ಯವಾಗಿ ಅದರಲ್ಲಿ ಬೆರೆಸಿರುವ ಶುಚಿಕಾರಕ ಅಡಿಟಿವ್. ಬೆಲೆಯ ಒಂದು ಪಾಲು ತೆರಿಗೆಯ ರೂಪದಲ್ಲೂ ಹೋಗುತ್ತದೆ: ಬ್ರಾಂಡೆಡ್ ಪೆಟ್ರೋಲಿನ ಮೇಲೆ ಕೇಂದ್ರದ ಅಬಕಾರಿ ಸುಂಕವೇ ಹೆಚ್ಚು, ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು ಲೆಕ್ಕದಲ್ಲಿ ಬೀಳುತ್ತದೆ.

ಆ ಅಡಿಟಿವ್ ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಪ್ರೀಮಿಯಂ ಪೆಟ್ರೋಲಿನ ಪರವಾಗಿ ಪ್ರಾಮಾಣಿಕವಾಗಿ ಹೇಳಬಹುದಾದ ಮಾತು ಇದೊಂದೇ. ನಿಮ್ಮ ಕಾರಿನಲ್ಲಿ ಇಂಜೆಕ್ಟರ್ ಇಂಧನವನ್ನು ಇನ್‌ಟೇಕ್ ವಾಲ್ವಿನ, ಅಂದರೆ ಗಾಳಿಯನ್ನು ಸಿಲಿಂಡರಿನ ಒಳಬಿಡುವ ಕವಾಟದ, ಹಿಂಬದಿಗೆ ಚಿಮ್ಮಿಸುತ್ತದೆ. ಪೆಟ್ರೋಲ್ ವಾಲ್ವನ್ನು ತೊಳೆಯುತ್ತಲೇ ಒಳಗೆ ಹೋಗುತ್ತದೆ. ಅದರಲ್ಲಿ ಒಳ್ಳೆಯ ಶುಚಿಕಾರಕವಿದ್ದರೆ ವಾಲ್ವಿನ ಮೇಲೆ ಕಪ್ಪು ಮಸಿ ಕಟ್ಟುವುದು ಕಡಿಮೆಯಾಗುತ್ತದೆ. ವರ್ಕ್‌ಶಾಪಿನಲ್ಲಿ ಸಿಲಿಂಡರ್ ಹೆಡ್ ಬಿಚ್ಚಿದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಕೆಲವು ವಾಲ್ವ್‌ಗಳ ಕುತ್ತಿಗೆಯ ಸುತ್ತ ಕಾರ್ಬನ್ ಹೆಪ್ಪುಗಟ್ಟಿ, ಉಗುರಿನಿಂದ ಕೆರೆದರೂ ಏಳುವುದಿಲ್ಲ, ಕೆಲವುದರ ಮೇಲೆ ತೆಳುವಾದ ಕಂದು ಪೊರೆ ಮಾತ್ರ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯೇ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ, ನಿಗದಿತ ಮಟ್ಟದ ಶುಚಿಕಾರಕವಿಲ್ಲದ ಪೆಟ್ರೋಲ್ ಬಳಸಿದ ಇಂಜಿನ್‌ಗಳ ವಾಲ್ವಿನ ಮೇಲೆ ಸರಾಸರಿ 19 ಪಟ್ಟು ಹೆಚ್ಚು ಮಸಿ ಕಟ್ಟಿತ್ತು. ಆದರೆ ಇಲ್ಲಿ ಎರಡು ಅಂಶಗಳನ್ನು ನೆನಪಿಡಬೇಕು. ಆ ಹೋಲಿಕೆ ನಡೆದದ್ದು ಶುಚಿಕಾರಕದ ಪ್ರಮಾಣದ ಬಗ್ಗೆಯೇ ಹೊರತು ಆಕ್ಟೇನಿನ ಬಗ್ಗೆಯಲ್ಲ. ಅಲ್ಲಿ ಸಾಮಾನ್ಯ ಆಕ್ಟೇನ್‌ನ ಪೆಟ್ರೋಲಿಗೂ ಆ ಗುಣಮಟ್ಟದ ಮುದ್ರೆ ಸಿಗುತ್ತದೆ. ಎರಡನೆಯದಾಗಿ, ನಮ್ಮ ಬಂಕುಗಳಲ್ಲಿ ಗ್ರಾಹಕ ನೋಡಿ ಹೋಲಿಸಬಹುದಾದ ಅಂತಹ ಮುದ್ರೆ ಕಾಣುವುದಿಲ್ಲ. ಯಾವ ಕಂಪನಿ ಯಾವ ಅಡಿಟಿವನ್ನು ಎಷ್ಟು ಬೆರೆಸಿದೆ ಎಂಬುದು ಅದರ ಪ್ರಚಾರದ ಮಾತಿನಲ್ಲಷ್ಟೇ ಇರುತ್ತದೆ.

ಈಗ ನಿಮ್ಮ ಮೈಲೇಜಿನ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಅದು ನಿಜವಾದರೆ ನಾನು ಇಷ್ಟು ಹೇಳಿದ್ದು ನಿಮ್ಮ ಮಟ್ಟಿಗೆ ಸುಳ್ಳಾಗುತ್ತದೆ. ಸಾಮಾನ್ಯ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಪ್ರೀಮಿಯಂ 111 ಎಂದಿಟ್ಟುಕೊಂಡರೆ ಬೆಲೆಯ ಹೆಚ್ಚಳ ಶೇ 8ಕ್ಕೆ ತುಸು ಕಡಿಮೆ. 15 ಕಿ.ಮೀ. ಕೊಡುವ ಕಾರು 16.2 ಕೊಟ್ಟರೆ ಹಾಕಿದ ದುಡ್ಡು ಸರಿಹೋಗುತ್ತದೆ. ನೀವು ಹೇಳುವಂತೆ 16.5 ಕೊಟ್ಟರೆ ಉಳಿತಾಯವೇ. ಆದರೆ ಒಂದೇ ಶಾಖಶಕ್ತಿಯ ಇಂಧನದಿಂದ ಶೇ 10ರಷ್ಟು ಹೆಚ್ಚು ದೂರ ಓಡಲು ಕಾರಣವೇ ಇಲ್ಲ. ನಿಮ್ಮ ಪತ್ರದಲ್ಲಿಯೇ ಅದರ ಸುಳಿವಿದೆ: 15 ಎಂಬುದು ಪುತ್ತೂರಿನ ಪೇಟೆಯ ಓಡಾಟವೂ ಸೇರಿದ ಸರಾಸರಿ, 16.5 ಎಂಬುದು ಎರಡು ಸಲವೂ ಬೆಂಗಳೂರಿನ ಹೆದ್ದಾರಿ ಪ್ರಯಾಣದ್ದು. ಹಾಸನದಿಂದ ನೆಲಮಂಗಲದವರೆಗೆ ಟಾಪ್ ಗೇರಿನಲ್ಲಿ ಒಂದೇ ವೇಗದಲ್ಲಿ ಹೋದರೆ ಯಾವ ಪೆಟ್ರೋಲ್ ಹಾಕಿದರೂ ಮೈಲೇಜು ಏರುತ್ತದೆ. ಇದಲ್ಲದೆ ಬಂಕಿನ ನಾಜಲ್ ಒಂದು ಸಲ ಬೇಗ ಕಟ್ ಆಗಿ, ಇನ್ನೊಂದು ಸಲ ಹುಡುಗ ರೌಂಡ್ ಫಿಗರ್ ಮಾಡಲು ಇನ್ನೂ ಸ್ವಲ್ಪ ತುಂಬಿದರೆ, ಸುಲಭವಾಗಿ ಒಂದೆರಡು ಲೀಟರ್ ವ್ಯತ್ಯಾಸವಾಗುತ್ತದೆ. 450 ಕಿ.ಮೀ. ಓಡಿ 30 ಲೀಟರ್ ಹಿಡಿದರೆ ಮೈಲೇಜು 15. 28ಕ್ಕೇ ಕಟ್ ಆದರೆ 16 ದಾಟುತ್ತದೆ. ಪರೀಕ್ಷಿಸಲೇಬೇಕೆಂದಿದ್ದರೆ ಒಂದೇ ಬಂಕಿನ ಒಂದೇ ನಾಜಲಿನಲ್ಲಿ, ಮೊದಲ ಆಟೊ-ಕಟ್‌ಗೆ ನಿಲ್ಲಿಸಿ, ಟೈರಿನ ಗಾಳಿ ಸರಿಯಾಗಿಟ್ಟುಕೊಂಡು, ಒಂದೇ ಬಗೆಯ ಓಡಾಟದಲ್ಲಿ ಸಾಮಾನ್ಯ ಪೆಟ್ರೋಲಿನ ಮೂರ್ನಾಲ್ಕು ಟ್ಯಾಂಕನ್ನೂ ಪ್ರೀಮಿಯಂನ ಮೂರ್ನಾಲ್ಕು ಟ್ಯಾಂಕನ್ನೂ ಲೆಕ್ಕವಿಟ್ಟು ನೋಡಿ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಈ ಎಂಟು ರೂಪಾಯಿ ಅಂತರ ಸುಮಾರು 6,400 ರೂಪಾಯಿ ಆಗುತ್ತದೆ. ಆ ಹಣದಲ್ಲಿ ಏನು ಮಾಡಬಹುದೆಂದು ಮುಂದೆ ಹೇಳುತ್ತೇನೆ.

ಸದ್ದಿನ ವಿಚಾರ ಹೆಚ್ಚು ಮುಖ್ಯ. ಮೊದಲು ಅದು ನಾಕಿಂಗ್ ಹೌದೇ ಎಂಬುದನ್ನು ತಿಳಿಯಬೇಕು. ಟಕಟಕ ಎಂದು ಬರುವ ಕಾರುಗಳಲ್ಲಿ ಎಷ್ಟೋ ಸಲ ಸೈಲೆನ್ಸರ್ ಕೊಳವೆಯ ಮೇಲಿನ ತಗಡಿನ ಹೀಟ್ ಶೀಲ್ಡ್ ಬೋಲ್ಟ್ ತುಕ್ಕು ಹಿಡಿದು ಸಡಿಲವಾಗಿರುತ್ತದೆ. ಕರಾವಳಿಯ ಕಾರುಗಳಲ್ಲಂತೂ ಇದು ತೀರಾ ಸಾಮಾನ್ಯ. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಂದು ನಿರ್ದಿಷ್ಟ ವೇಗದಲ್ಲಿ ಸದ್ದು ಬಂದರೆ ಶೀಲ್ಡನ್ನು ಸಂಶಯಿಸಿ. ನಾಕಿಂಗ್ ಹಾಗಲ್ಲ. ಅದು ಹೊರೆ ಬಿದ್ದಾಗ ಮಾತ್ರ, ಅಂದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಬರುತ್ತದೆ. ಕಾಲು ಸಡಿಲಿಸಿದ ಕ್ಷಣ ನಿಲ್ಲುತ್ತದೆ. ಪೆಟ್ರೋಲ್ ಬದಲಿಸಿದಾಗ ನಿಮ್ಮ ಕಾರಿನ ಸದ್ದು ನಿಜಕ್ಕೂ ಕಡಿಮೆಯಾಗಿದ್ದರೆ ಅದು ನಾಕಿಂಗ್ ಆಗಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಆಕ್ಟೇನ್ ಹೆಚ್ಚಿದರೆ ತಗಡಿನ ಸದ್ದು ನಿಲ್ಲುವುದಿಲ್ಲ.

ನೀವು ಓಡಾಡುವ ದಾರಿಯೂ ಇದರಲ್ಲಿ ಪಾಲುದಾರ. ಗುಂಡ್ಯ ದಾಟಿ ಏರು ಶುರುವಾಗುವಲ್ಲಿ ನೀವಿನ್ನೂ ಕರಾವಳಿಯ ತಗ್ಗಿನಲ್ಲಿದ್ದೀರಿ: ಗಾಳಿ ದಟ್ಟ, ಬೇಸಿಗೆಯಲ್ಲಿ ಬಿಸಿ. ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿದಷ್ಟೂ ಒಳಗಿನ ಒತ್ತಡ ಹೆಚ್ಚು, ನಾಕಿಂಗ್ ಸಾಧ್ಯತೆಯೂ ಹೆಚ್ಚು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಅಲ್ಲಿ ತಾನಾಗಿಯೇ ಕಡಿಮೆ ಆಕ್ಟೇನ್ ಬೇಡುತ್ತದೆ. ಅಮೆರಿಕದ ಕೊಲರಾಡೊದಂತಹ ಬೆಟ್ಟದ ರಾಜ್ಯಗಳಲ್ಲಿ ಉಳಿದೆಡೆಗಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ಮಾರುವುದು ಇದೇ ಕಾರಣಕ್ಕೆ. ಆದ್ದರಿಂದ ಇದೇ ಕಾರನ್ನು ಬೆಂಗಳೂರಿನಲ್ಲಿ ಓಡಿಸುವ ನಿಮ್ಮ ಪರಿಚಯದವರು ನಮಗೇನೂ ಸದ್ದಿಲ್ಲವಲ್ಲ ಎಂದರೆ ಅಚ್ಚರಿಪಡಬೇಡಿ.

ಘಾಟಿಯಲ್ಲಿ ನೀವು ಯಾವ ಗೇರಿನಲ್ಲಿ ಹತ್ತುತ್ತೀರಿ ಎಂಬುದನ್ನು ಬರೆದಿಲ್ಲ. ನಾಲ್ಕು ಜನ, ಎ.ಸಿ., ಮುಂದೊಂದು ಲಾರಿ. ವೇಗ ಮೂವತ್ತಕ್ಕೆ ಇಳಿದಿದ್ದರೂ ಮೂರನೇ ಗೇರಿನಲ್ಲೇ ಎಳೆಸುವುದು ನಮ್ಮಲ್ಲಿ ಬಹುಜನರ ಅಭ್ಯಾಸ, ಗೇರ್ ಇಳಿಸಿದರೆ ಪೆಟ್ರೋಲ್ ಕುಡಿಯುತ್ತದೆ ಎಂಬ ಭಯ ಬೇರೆ. ಇಂಜಿನ್ ನಿಮಿಷಕ್ಕೆ 1,500 ಸುತ್ತಿನ ಆಸುಪಾಸಿನಲ್ಲಿದ್ದು ನೀವು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಪಿಸ್ಟನ್ ನಿಧಾನವಾಗಿ ಚಲಿಸುವುದರಿಂದ ಅಂಚಿನ ಮಿಶ್ರಣಕ್ಕೆ ಸಿಡಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಎರಡನೇ ಗೇರಿಗೆ ಇಳಿಸಿ 2,500ರಿಂದ 3,000 ಸುತ್ತಿಗೆ ತಂದರೆ ಅದೇ ಪೆಟ್ರೋಲಿನಲ್ಲಿ ಸದ್ದು ನಿಲ್ಲುವುದನ್ನು ನೀವೇ ಕೇಳಬಹುದು. ಮುಂದಿನ ಸಲ ಸಾಮಾನ್ಯ ಪೆಟ್ರೋಲ್ ಹಾಕಿಸಿಕೊಂಡೇ ಇದನ್ನು ಮಾಡಿ ನೋಡಿ. ನಿಂತರೆ ನಿಮ್ಮ ಸಮಸ್ಯೆಯ ಅರ್ಧ ಪಾಲು ಅಲ್ಲಿಗೇ ಮುಗಿಯಿತು.

ಆದರೆ ಮೊದಲ ಆರೇಳು ವರ್ಷ ಇಲ್ಲದ ಸದ್ದು ಈಗ ಬರುತ್ತಿದೆಯಾದ್ದರಿಂದ ಗೇರಿನ ಮೇಲಷ್ಟೇ ಹೊಣೆ ಹೊರಿಸಿ ಸುಮ್ಮನಾಗಬೇಡಿ. ಊರೊಳಗೆ ಎರಡು-ಮೂರು ಕಿ.ಮೀ. ಓಡಿಸಿ, ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಕಾರುಗಳಲ್ಲಿ ಪಿಸ್ಟನ್ನಿನ ತಲೆಯ ಮೇಲೆ ಕಾರ್ಬನ್ ಕೂರುತ್ತದೆ. ಅದು ಜಾಗವನ್ನು ಕಿರಿದಾಗಿಸಿ ಕಂಪ್ರೆಷನ್ ಹೆಚ್ಚಿಸುತ್ತದೆ, ಕೆಂಪಗೆ ಕಾದು ಶಾಖವನ್ನೂ ಹಿಡಿದಿಡುತ್ತದೆ. ಕೂಲೆಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಸರಿಯಾಗಿ ತೆರೆಯದಿದ್ದರೆ, ಕೂಲೆಂಟ್ ಕಡಿಮೆಯಾಗಿದ್ದರೆ ಅಥವಾ ಬರಿಯ ನಲ್ಲಿ ನೀರು ತುಂಬಿದ್ದರೆ ಸಿಲಿಂಡರ್ ಹೆಡ್ ಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಬದಲಿಸುವಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು, ಅಂದರೆ ಬೇರೆ ಹೀಟ್ ರೇಂಜಿನದ್ದನ್ನು (ಶಾಖ ಹೊರಹಾಕುವ ಸಾಮರ್ಥ್ಯ ಬೇರೆ ಇರುವುದನ್ನು) ಹಾಕಿರುವುದನ್ನು ಬಹಳ ಸಲ ನೋಡಿದ್ದೇನೆ. ಅರ್ಧ ಕಟ್ಟಿದ ಇಂಜೆಕ್ಟರ್ ಅಥವಾ ಗಾಳಿ ಸೋರುವ ರಬ್ಬರ್ ಕೊಳವೆಯಿಂದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದರೂ ನಾಕಿಂಗ್ ಬರುತ್ತದೆ. ಕೊನೆಗೆ, ನಾಕ್ ಸೆನ್ಸರ್ ತಾನೇ ಕೆಟ್ಟಿರಬಹುದು ಅಥವಾ ಅದರ ವೈರನ್ನು ಇಲಿ ಕಡಿದಿರಬಹುದು. ಮಳೆಗಾಲದಲ್ಲಿ ನಿಮ್ಮ ಕಡೆ ಇದು ಹೊಸದೇನಲ್ಲ. ಸ್ಕ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ಫಾಲ್ಟ್ ಕೋಡ್ ಓದಿಸಿ, ಪ್ಲಗ್ಗುಗಳನ್ನು ಬಿಚ್ಚಿಸಿ ನಿಮ್ಮ ಕಣ್ಣೆದುರೇ ನೋಡಿ, ಕೂಲೆಂಟ್ ಪರೀಕ್ಷಿಸಿ, ಅಗತ್ಯವಿದ್ದರೆ ಇಂಜೆಕ್ಟರ್ ಶುಚಿಗೊಳಿಸಿ. ಪ್ರೀಮಿಯಂ ಪೆಟ್ರೋಲಿಗೆ ಒಂದು ವರ್ಷ ಹೆಚ್ಚುವರಿಯಾಗಿ ಸುರಿಯುವ ದುಡ್ಡಿನಲ್ಲಿ ಸಾಮಾನ್ಯವಾಗಿ ಇಷ್ಟೂ ಕೆಲಸ ಆಗಿ ಇನ್ನೂ ಉಳಿಯುತ್ತದೆ. ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕುತ್ತಲೇ ಹೋದರೆ ಸದ್ದು ಅಡಗಬಹುದು, ಆದರೆ ಒಳಗಿನ ದೋಷ ಬೆಳೆಯುತ್ತಲೇ ಇರುತ್ತದೆ. ಕೇಳಿಸದ ಕಾರಣಕ್ಕೆ ನೀವೂ ಮರೆತಿರುತ್ತೀರಿ. ಈ ದಾರಿಯಲ್ಲಿರುವ ನಿಜವಾದ ಅಪಾಯ ಇದೇ.

ಸ್ನೇಹಿತರು ಹೇಳಿದ ವಾಲ್ವಿನ ಮಾತಿಗೆ ಹೆಚ್ಚು ಜಾಗ ಬೇಡ. ಹೆಚ್ಚು ಆಕ್ಟೇನಿನ ಪೆಟ್ರೋಲ್ ನಿಧಾನವಾಗಿ ಉರಿದು ವಾಲ್ವ್ ಸುಡುತ್ತದೆ ಎಂಬುದು ಆಧಾರವಿಲ್ಲದ ಮಾತು. ಅದರಿಂದ ಜೇಬಿಗಲ್ಲದೆ ಇನ್ನಾವುದಕ್ಕೂ ಹಾನಿಯಿಲ್ಲ. ಎರಡು ಬಗೆಯ ಪೆಟ್ರೋಲ್ ಟ್ಯಾಂಕಿನಲ್ಲಿ ಬೆರೆತರೆ ನಡುವಿನ ಆಕ್ಟೇನ್ ಬರುತ್ತದೆ, ಅಷ್ಟೇ. ಒಮ್ಮೆ ಪವರ್ ಹಾಕಿಸಿ ಅಭ್ಯಾಸ ಮಾಡಿಸಿದರೆ ಇಂಜಿನ್ ಮತ್ತೆ ನಾರ್ಮಲ್ ಒಪ್ಪುವುದಿಲ್ಲ ಎಂಬುದೂ ಅದೇ ಜಾತಿಯ ಕಥೆ.

ನಿಮ್ಮ ಭಾವನವರ ಆತಂಕದಲ್ಲಿ ಮಾತ್ರ ತಿರುಳಿದೆ. 2023ರ ಏಪ್ರಿಲ್‌ಗೆ ಮೊದಲು ತಯಾರಾದ ನಿಮ್ಮಂತಹ ಕಾರುಗಳನ್ನು ಸಾಮಾನ್ಯವಾಗಿ ಶೇ 10ರ ಎಥೆನಾಲಿಗೆ ಹೊಂದಿಸಲಾಗಿತ್ತು. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿಯಿದೆ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ರಿಂದ ಮೈಲೇಜು ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ಮಾರ್ಗಸೂಚಿಯೇ ಅಂದಾಜಿಸಿತ್ತು. ಹಳೆಯ ಕೆಲವು ವಾಹನಗಳಲ್ಲಿ 20,000–30,000 ಕಿ.ಮೀ. ಬಳಕೆಯ ನಂತರ ಕೆಲವು ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು ಎಂದು ಸಚಿವಾಲಯವೂ ಒಪ್ಪಿಕೊಂಡಿದೆ. ಹಾಗಾಗಿ ಪ್ರತಿ ಸರ್ವಿಸಿನಲ್ಲಿ ಇಂಧನದ ಹೋಸುಗಳನ್ನು ಬೆರಳಿನಿಂದ ಒತ್ತಿ ನೋಡಲು ಹೇಳಿ. ಬಿರುಕು, ಮೆತ್ತಗಾಗಿರುವುದು, ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಇದ್ದರೆ ತಡಮಾಡದೆ ಬದಲಿಸಿ. ಆದರೆ ನಾಕಿಂಗ್ ಮಟ್ಟಿಗೆ ಎಥೆನಾಲ್ ಅಪರಾಧಿಯಲ್ಲ, ಅದು ನಾಕಿಂಗ್ ತಡೆಯುವ ಇಂಧನವೇ.

ನೂರು ಆಕ್ಟೇನಿನ ಪೆಟ್ರೋಲ್ ಎಥೆನಾಲ್ ಇಲ್ಲದ್ದು ಎಂಬ ಕಾರಣಕ್ಕೆ ಕೆಲವರು ಹುಡುಕಿಕೊಂಡು ಹೋಗಿ ಹಾಕಿಸುತ್ತಾರೆ. ಎಥೆನಾಲ್ ಇಲ್ಲದ ಕಾರಣ ಮೈಲೇಜು ಶೇ 7ರಷ್ಟು ಏರುತ್ತದೆಂದೇ ಒಪ್ಪೋಣ, ನಿಮ್ಮ 15 ಕಿ.ಮೀ. 16 ಆದೀತು. ಲೀಟರಿಗೆ ಸುಮಾರು 160 ರೂಪಾಯಿ ಎಂದಿಟ್ಟುಕೊಂಡರೆ ಆ ಪೆಟ್ರೋಲಿಗೆ ಕೊಟ್ಟ ದುಡ್ಡು ಹುಟ್ಟಬೇಕಾದರೆ ನಿಮ್ಮ ಕಾರು 23 ಕಿ.ಮೀ. ಕೊಡಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಕಾರ್ಬ್ಯುರೇಟರ್ ಕಾರೊಂದು ನಿಮ್ಮಲ್ಲಿದ್ದಿದ್ದರೆ ನಾನೇ ಅದನ್ನು ಸೂಚಿಸುತ್ತಿದ್ದೆ, ಏಕೆಂದರೆ ಎಥೆನಾಲ್ ನೀರು ಹೀರುತ್ತದೆ ಮತ್ತು ನಿಂತ ಟ್ಯಾಂಕಿನಲ್ಲಿ ನೀರಿನೊಂದಿಗೆ ಬೇರ್ಪಟ್ಟು ತಳ ಸೇರಬಲ್ಲದು. ದಿನವೂ ಓಡುವ ಕಾರಿಗೆ ಆ ಭಯವಿಲ್ಲ.

ನೀರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಸಣ್ಣ ಊರುಗಳ ಬಂಕಿನಲ್ಲಿ ಪ್ರೀಮಿಯಂ ನಿಧಾನವಾಗಿ ಖರ್ಚಾಗುತ್ತದೆ. ಮಳೆಗಾಲದಲ್ಲಿ ನೆಲದಡಿಯ ಟ್ಯಾಂಕಿನಲ್ಲಿ ಬಹಳ ದಿನ ಕುಳಿತ ದುಬಾರಿ ಪೆಟ್ರೋಲಿಗಿಂತ ದಿನವೂ ಲೋಡ್ ಬರುವ ಬಂಕಿನ ಸಾಮಾನ್ಯ ಪೆಟ್ರೋಲೇ ವಾಸಿ. ಗುಣಮಟ್ಟದ ಸಂಶಯವಿದ್ದರೆ ಡೆನ್ಸಿಟಿ ತೋರಿಸಲು, ಫಿಲ್ಟರ್ ಪೇಪರ್ ಕೊಡಲು, ಐದು ಲೀಟರಿನ ಅಳತೆಯಲ್ಲಿ ಅಳೆದು ತೋರಿಸಲು ಕೇಳುವ ಹಕ್ಕು ನಿಮಗಿದೆ. ಪೇಪರಿನ ಮೇಲೆ ನಾಜಲ್ ತುದಿಯಿಂದ ಒಂದು ಹನಿ ಬಿಟ್ಟು ಎರಡು ನಿಮಿಷ ಕಾಯಿರಿ, ಆರಿದ ಮೇಲೆ ಎಣ್ಣೆಯಂತಹ ಕಪ್ಪು ಕಲೆ ಉಳಿದರೆ ಕಲಬೆರಕೆಯ ಅನುಮಾನ ಪಡಬಹುದು. "ಪವರ್ ಹಾಕುವುದಾ?" ಎಂದು ಕೇಳುವ ಹುಡುಗನಿಗೆ ದಿನಕ್ಕಿಷ್ಟು ಮಾರಬೇಕೆಂಬ ಒತ್ತಡವಿರುವುದುಂಟು, ಟ್ಯಾಂಕಿನ ಮುಚ್ಚಳ ತೆರೆಯುವ ಮೊದಲೇ "ನಾರ್ಮಲ್" ಎಂದು ಹೇಳಿ ಸೊನ್ನೆ ನೋಡಿಕೊಳ್ಳಿ, ಸಾಕು. ಶುಚಿಕಾರಕದ ಲಾಭ ಬೇಕೆನಿಸಿದರೆ ಸರ್ವಿಸಿನ ಹೊತ್ತಿಗೆ ತಯಾರಕರು ಒಪ್ಪಿದ ಫ್ಯೂಯಲ್ ಸಿಸ್ಟಮ್ ಕ್ಲೀನರ್ ಒಂದು ಬಾಟಲಿ ಹಾಕಿಸಬಹುದು, ಅಥವಾ ಐದಾರು ಸಲಕ್ಕೊಮ್ಮೆ ಒಂದು ಟ್ಯಾಂಕ್ ಪ್ರೀಮಿಯಂ ತುಂಬಿಸಬಹುದು. ಎರಡರಲ್ಲೂ ತಪ್ಪಿಲ್ಲ, ಪವಾಡವನ್ನೂ ನಿರೀಕ್ಷಿಸಬೇಡಿ.

ಮಗಳ ಟರ್ಬೊ ಕಾರಿಗೆ ನನ್ನ ಉತ್ತರ ತುಸು ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಸಿಲಿಂಡರಿನ ಒಳಗಿನ ಒತ್ತಡ ಸಾಮಾನ್ಯ ಇಂಜಿನ್ನಿಗಿಂತ ಹೆಚ್ಚು. ಮಂಗಳೂರಿನ ಮೇ ತಿಂಗಳ ಬಿಸಿಲಿನಲ್ಲಿ ಅದರ ಇಸಿಯು ನಾಕಿಂಗ್ ತಪ್ಪಿಸಲು ಕಿಡಿಯನ್ನು ಆಗಾಗ ಹಿಂದಕ್ಕೆ ಎಳೆಯುತ್ತಿರುತ್ತದೆ. ಅಂತಹ ಇಂಜಿನ್ನಿಗೆ 97 ಅಥವಾ ಅದಕ್ಕಿಂತ ಹೆಚ್ಚಿನ ಆಕ್ಟೇನ್ ಸಿಕ್ಕರೆ ಕಿಡಿಯನ್ನು ಮುಂದಿಡಲು ನಿಜವಾದ ಅವಕಾಶವಿದೆ. ತಯಾರಕರೇ ಪ್ರೀಮಿಯಂ ಶಿಫಾರಸು ಮಾಡುವ, ಆದರೆ ಕಡ್ಡಾಯ ಮಾಡದ ಕಾರುಗಳನ್ನು ಅಮೆರಿಕದ ಅದೇ ಸಂಸ್ಥೆ 2017ರಲ್ಲಿ ಪರೀಕ್ಷಿಸಿದಾಗ ಮೈಲೇಜು ಸರಾಸರಿ ಶೇ 2.7, ಶಕ್ತಿ ಶೇ 1.4 ಹೆಚ್ಚಿತು. ಲಾಭ ಇದೆ, ಬೆಲೆಯ ವ್ಯತ್ಯಾಸವನ್ನು ತುಂಬುವಷ್ಟಿಲ್ಲ. ಇಸಿಯು ಹೊಂದಿಕೊಳ್ಳಲು ಸ್ವಲ್ಪ ದೂರ ಓಡಬೇಕಾದ್ದರಿಂದ ಒಂದು ಟ್ಯಾಂಕ್ ಹಾಕಿ ತೀರ್ಪು ಕೊಡುವುದೂ ಸರಿಯಲ್ಲ. ಈಗಿನ ಹಲವು ಟರ್ಬೊ ಇಂಜಿನ್ನುಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುವುದರಿಂದ ಅದು ಇನ್‌ಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ವಾಲ್ವ್ ಶುಚಿಯಾಗುತ್ತದೆ ಎಂಬ ಆಸೆಯಿಂದ ಅವುಗಳಿಗೆ ಪ್ರೀಮಿಯಂ ಹಾಕಿಸಿ ಪ್ರಯೋಜನವಿಲ್ಲ, ಇಂಜೆಕ್ಟರಿನ ತುದಿಗೆ ಮಾತ್ರ ಅದರ ಉಪಕಾರ.

ಕಾರು ಬುಕ್ ಮಾಡುವ ಮೊದಲು ಶೋರೂಮಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆಸಿ ಒಳಗಿನ ಚೀಟಿ ಓದಲು ಮಗಳಿಗೆ ಹೇಳಿ. ಅಲ್ಲಿ ಇ20 ಎಂದಿದ್ದು ಕನಿಷ್ಠ 91 ಎಂದು ಬರೆದಿದ್ದರೆ ಸಾಮಾನ್ಯ ಪೆಟ್ರೋಲ್ ನಿಶ್ಚಿಂತೆಯಿಂದ ಹಾಕಬಹುದು. ಕನಿಷ್ಠ 95 ಎಂದಿದ್ದರೆ ಬೆಲೆ ನೋಡದೆ, 95 ಎಂದು ಯಂತ್ರದ ಮೇಲೆಯೇ ಬರೆದಿರುವುದನ್ನು ಹಾಕಿಸಬೇಕು. ಅಲ್ಲಿ ಉಳಿತಾಯ ಮಾಡಲು ಹೋದರೆ ವಾರಂಟಿಯ ವಾದಕ್ಕೆ ನೀವೇ ಆಸ್ಪದ ಕೊಟ್ಟಂತಾಗುತ್ತದೆ. ಸೂಚಿಸಿದ ಪೆಟ್ರೋಲನ್ನೇ ಹಾಕಿಯೂ ಹೊಸ ಕಾರಿನಲ್ಲಿ ನಾಕಿಂಗ್ ಕೇಳಿಸಿದರೆ ಇನ್ನೂ ದುಬಾರಿ ಪೆಟ್ರೋಲಿಗೆ ಹೋಗಬೇಡಿ. ನೇರವಾಗಿ ಸರ್ವಿಸ್ ಸೆಂಟರಿಗೆ ಹೋಗಿ, ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಯಾವ ಬಂಕಿನ ಪೆಟ್ರೋಲಿನಲ್ಲಿ ಸದ್ದು ಬಂತೆಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿಯನ್ನು ಪೆಟ್ರೋಲ್ ಬಿಲ್ಲುಗಳೊಂದಿಗೆ ಇಟ್ಟುಕೊಳ್ಳಿ.